ತಾಮ್ರದ ಚೊಂಬು, ಎರಡು ಡಿಸೆಂಬರ್

ಹೋದ ವಾರ ನಾಯಂಡಹಳ್ಳಿಯಲ್ಲಿ ಮೆಟ್ರೋ ಇಳಿದು ಹೊರಗೆ ಬಂದೆ. ರಸ್ತೆ ಬದಿಯ ಕಂಬದ ಬುಡಕ್ಕೆ ಯಾರೋ ಆಗತಾನೆ ಉಗಿದು ಹೋಗಿದ್ದರು. ಏಲಕ್ಕಿ, ಸುಣ್ಣ, ಹೊಗೆಸೊಪ್ಪು ಮೂರೂ ಎಂಜಲಲ್ಲಿ ಕಲೆತ ಆ ಸಿಹಿ ಕಮಟು ಮೂಗಿಗೆ ಬಿದ್ದದ್ದೇ, ಬೆಳಿಗ್ಗೆ ತಿಂದದ್ದು ಗಂಟಲಿಗೆ ಬಂತು. ಬಾಯಿಗೆ ಕರ್ಚೀಫು ಒತ್ತಿಕೊಂಡು ರಸ್ತೆ ದಾಟಿದೆ. ಪಕ್ಕದಲ್ಲಿ ಸೋಡಾ ಮಾರುವವನು, "ಯಾಕಣ್ಣ, ತಲೆ ಸುತ್ತಾ? ಕೂತ್ಕೊಳ್ಳಿ" ಅಂದ. ತಲೆ ಸುತ್ತಲ್ಲಪ್ಪ, ಎರಡು ವರ್ಷದ ಹಿಂದಿನ ಡಿಸೆಂಬರ್ ವಾಪಸು ಬಂತು ಅಂತ ಅವನಿಗೆ ಹೇಗೆ ಹೇಳಲಿ?

ನನ್ನ ಮೂಗು ಮೊದಲಿನಿಂದಲೂ ಚುರುಕು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೊಸಾಯಿಕ್ ಪಾಲಿಶ್ ಮೆಷಿನ್ನಿನ ಹಿಂದೆ ನಿಂತವನು ನಾನು. ಆಮೇಲೆ ಟೈಲ್ಸ್ ಕಾಲ ಬಂತು, ಟೈಲ್ಸ್ ಹಾಕುವುದು ಕಲಿತೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂದು ಬೀದಿ ಬೀದಿ ಸುತ್ತಿ ಬಚ್ಚಲಿಗೆ ನೆಲ ಹಾಸಿದ್ದೇನೆ. ಬಚ್ಚಲಿನ ನೆಲಕ್ಕೆ ವಾಟ ಸರಿಯಿರಬೇಕು. ಯಾವ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದರೂ ಅದು ತಾನಾಗಿ ಇಳಿಜಾರು ಹಿಡಿದು ಜಾಲರಿಗೆ ಹೋಗಿ ಬೀಳಬೇಕು. ನಿಂತ ನೀರು ನಾರುತ್ತದೆ, ನಾರುವ ಬಚ್ಚಲನ್ನು ಕಟ್ಟಿದವನ ಕೈಯನ್ನು ಕಡಿಯಬೇಕು ಎನ್ನುವುದು ನನ್ನ ಮೇಸ್ತ್ರಿ ಹೇಳಿಕೊಟ್ಟ ಪಾಠ. ಕೆಂಗೇರಿ ಉಪನಗರದಲ್ಲಿ ನನ್ನದೇ ಮನೆ ಕಟ್ಟಿದಾಗ ಮೇಲಿನ ಮಹಡಿಯ ಮೂರು ರೂಮಿಗೆ ಮೂರು ಬಚ್ಚಲು ಮಾಡಿ, ಮೂರಕ್ಕೂ ನಾನೇ ಮಂಡಿಯೂರಿ ನೆಲ ಹಾಸಿದೆ. ಮಗಳು ಮದುವೆಯಾಗಿ ಹೋಗುವ ಮೊದಲು ಆ ರೂಮುಗಳ ಫೋಟೋ ತೆಗೆದು ಫೋನಿನಲ್ಲಿ ಒಂದು ಆಪಿಗೆ ಹಾಕಿ, "ಅಪ್ಪಾ, ಇನ್ಮೇಲೆ ನೀನು ಹೋಂಸ್ಟೇ ಓನರ್ರು" ಅಂದಳು.

ರೂಮಿನ ಜೊತೆ ಬೆಳಗಿನ ತಿಂಡಿ ಸೇರಿತ್ತು. ತಿಂಡಿ ನನ್ನ ಹೆಂಡತಿ ರತ್ನಳ ಕೈಯದು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ತಟ್ಟೆ ಇಡ್ಲಿ. ಜನ ಎರಡನೇ ಸಲ ಬರುತ್ತಿದ್ದದ್ದು ಅವಳ ರೊಟ್ಟಿಗೆ, ನನ್ನ ಟೈಲ್ಸಿಗಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಬಹಳ ದಿನ ಹಿಡಿಯಿತು.

ನಮ್ಮ ಕಸುಬಿನವರಿಗೆ ಇರುವುದು ಎರಡೇ ಕಾಲ. ಊರಿಗೆಲ್ಲ ರಜೆಯಾದಾಗ ನಮಗೆ ದುಡಿಮೆ. ಕ್ರಿಸ್ಮಸ್ಸಿನಿಂದ ಸಂಕ್ರಾಂತಿಯವರೆಗೆ ಮೈಸೂರು ನೋಡಲು ಹೊರಟವರು, ಮೈಸೂರು ರೋಡಿನ ಛತ್ರಗಳಿಗೆ ಮದುವೆಗೆ ಬಂದವರು, ನಾಗರಬಾವಿಯ ಹಾಸ್ಟೆಲಿನಲ್ಲಿರುವ ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರು. ಜೂನ್ ತಿಂಗಳಲ್ಲಿ ಸ್ಕೂಲು ತೆರೆದವೋ, ಮೂರೂ ರೂಮು ಖಾಲಿ. ಆಗ ನಾವು ಊರು ಸುತ್ತಬೇಕು. ಸುತ್ತುತ್ತೇವೆ ಅಂತ ಪ್ರತಿ ವರ್ಷ ನಾನು ರತ್ನಳಿಗೆ ಮಾತು ಕೊಡುತ್ತಿದ್ದೆ. ಜೂನ್ ಬಂದಾಗ ಗೋಡೆಗೆ ಸುಣ್ಣ, ಬಾಗಿಲಿಗೆ ಪಾಲಿಶ್ ಎಂದು ಏನಾದರೊಂದು ತೆಗೆದುಕೊಂಡು ಕೂರುತ್ತಿದ್ದೆ.

ಗೆಸ್ಟು ಹೋದ ಮೇಲೆ ನನ್ನದೊಂದು ಕ್ರಮ ಇತ್ತು. ಮೊದಲು ಕಿಟಕಿ ತೆಗೆಯುವುದು. ಆಮೇಲೆ ದಿಂಬು, ಹೊದಿಕೆ, ಟವೆಲ್ಲು, ಪರದೆ, ಒಂದೊಂದನ್ನೇ ಮೂಗಿಗೆ ಹಿಡಿದು ನೋಡುವುದು. ರತ್ನ ಬಾಗಿಲಲ್ಲಿ ನಿಂತು, "ಬಂತಪ್ಪ ಪೊಲೀಸ್ ನಾಯಿ" ಅಂತ ನಗುತ್ತಿದ್ದಳು. ನಗಲಿ. ಪೊಲೀಸ್ ನಾಯಿಗೆ ಸಿಕ್ಕದ್ದೆಲ್ಲ ನನಗೆ ಸಿಕ್ಕಿದೆ.

ಆ ಡಿಸೆಂಬರಿನಲ್ಲಿ ಚಳಿ ಜೋರಿತ್ತು. ಬೆಳಗಿನ ಮಂಜು ಏಳುವ ತನಕ ವೃಷಭಾವತಿಯ ನಾತ ಉಪನಗರದ ಮೇಲೆ ಹೊದಿಕೆ ಹೊದಿಸಿದ ಹಾಗೆ ಕೂತಿರುತ್ತಿತ್ತು. ಬಂದ ಗೆಸ್ಟುಗಳೆಲ್ಲ ಕಾರಿನಿಂದ ಇಳಿದು ಮೂಗು ಮುಚ್ಚಿ, "ಏನ್ ಸಾರ್ ಇದು ಸ್ಮೆಲ್ಲು?" ಎಂದು ನನ್ನನ್ನೇ ಕೇಳುತ್ತಿದ್ದರು, ಹೊಳೆಯನ್ನು ನಾನು ತಂದು ಬಿಟ್ಟ ಹಾಗೆ. ಅದೇ ಜನ ಎರಡು ದಿನ ಇದ್ದು ಹೋದ ರೂಮಿಗೆ ಕಾಲಿಟ್ಟರೆ ಹೊಳೆಯೇ ವಾಸಿ ಅನ್ನಿಸುತ್ತಿತ್ತು. ನೀರು ಕಾಯಿಸಲು ಇಟ್ಟ ಎಲೆಕ್ಟ್ರಿಕ್ ಕೆಟಲಿನಲ್ಲಿ ಮೊಟ್ಟೆ ಬೇಯಿಸಿದ್ದರು, ಒಂದು ಒಡೆದು ತಳಕ್ಕೆ ಹತ್ತಿತ್ತು. ಬಿಳಿ ಟವೆಲ್ಲಿನಲ್ಲಿ ಬೂಟು ಒರೆಸಿದ್ದರು. ಸೋಪಿನ ತಟ್ಟೆಯಲ್ಲಿ ಹತ್ತು ಕಾಲುಗುರು, ಎಣಿಸಿ ಇಟ್ಟ ಹಾಗೆ. ಒಬ್ಬಳು ತಾಯಿ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವಂಥ ಹೆಂಗಸು, ಮಗುವಿನ ಡೈಪರನ್ನು ಮಡಿಸಿ ಪರದೆಯ ಹಿಂದೆ ಸಿಕ್ಕಿಸಿ ಹೋಗಿದ್ದಳು. ಅದು ಎಲ್ಲಿದೆ ಎಂದು ಹುಡುಕಲು ನನಗೆ ಅರ್ಧ ದಿನ ಬೇಕಾಯಿತು. ಬಾಗಿಲ ಪಕ್ಕದಲ್ಲೇ ಮುಚ್ಚಳವಿರುವ ಕಸದ ಬುಟ್ಟಿ ಇತ್ತು ಸ್ವಾಮಿ. ಅದು ಖಾಲಿ ಇತ್ತು.

ಇವೆಲ್ಲ ಬಂದು ಹೋಗುವ ಹೇಸಿಗೆ, ತೊಳೆದರೆ ಆಯಿತು ಅಂತ ನುಂಗಿಕೊಂಡೆ. ಆ ತಿಂಗಳ ಕೊನೆಗೆ ಬಂದದ್ದು ಮಾತ್ರ ಇವತ್ತಿಗೂ ಹೋಗಿಲ್ಲ.

ಅವರು ಕಾಲೇಜಿನಲ್ಲಿ ಪಾಠ ಹೇಳುವವರಂತೆ. ನೆಂಟರ ಮದುವೆಗೆಂದು ಸಂಸಾರ ಸಮೇತ ಬಂದು ಮೂರೂ ರೂಮು ನಾಲ್ಕು ದಿನ ಹಿಡಿದರು. ಚಿನ್ನದ ಅಂಚಿನ ಕನ್ನಡಕ, ಇಸ್ತ್ರಿ ಮಾಡಿದ ಜುಬ್ಬ, ಕೈಯಲ್ಲಿ ಇಂಗ್ಲಿಷ್ ಪೇಪರ್. ಬಾಯಲ್ಲಿ ಯಾವಾಗಲೂ ಏನೋ ಒಂದು ಇರುತ್ತಿತ್ತು, ಏಲಕ್ಕಿ ಅಂದುಕೊಂಡೆ. ಓದಿದವರು ಎಂದರೆ ನನಗೆ ಬೆನ್ನು ತಾನಾಗಿ ಬಗ್ಗುತ್ತದೆ. ಎರಡನೇ ದಿನ ತಿಂಡಿಯ ಹೊತ್ತಿನಲ್ಲಿ ಅವರು ಕೇಳಿದರು:

"ನೀವು ಎಷ್ಟರ ತನಕ ಓದಿದೀರಿ?"

"ಏಳನೇ ಕ್ಲಾಸು ಸಾರ್."

"ಪರವಾಗಿಲ್ವೇ! ಆದ್ರೂ ಮ್ಯಾನರ್ಸ್ ಚೆನ್ನಾಗಿ ಕಲ್ತಿದೀರ."

ನಾನು ಉಬ್ಬಿಹೋಗಿ ಅಡಿಗೆಮನೆಗೆ ಹೋಗಿ ರತ್ನಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಅದು ಹೊಗಳಿದ್ದಾ?" ಅಂದಳು. ನಿನಗೇನೂ ಗೊತ್ತಾಗಲ್ಲ ಬಿಡು ಅಂದೆ.

ಅವರಿದ್ದ ದೊಡ್ಡ ರೂಮಿನಲ್ಲಿ ಒಂದು ತಾಮ್ರದ ಚೊಂಬು ಇತ್ತು. ಮಾಗಡಿ ಕಡೆಯ ಹಳ್ಳಿಯಿಂದ ನಮ್ಮತ್ತೆ ಮದುವೆಯಲ್ಲಿ ಮಗಳಿಗೆ ಕೊಟ್ಟದ್ದು. ರತ್ನಳಿಗೆ ಅದನ್ನು ಮೇಲೆ ಕಳಿಸಲು ಮನಸ್ಸಿರಲಿಲ್ಲ. ನಾನೇ ಹಟ ಹಿಡಿದೆ: "ಈಗಿನೋರಿಗೆ ತಾಮ್ರದ ನೀರು ಅಂದ್ರೆ ಪ್ರಾಣ ಕಣೇ. ಫೋಟೋದಲ್ಲೂ ಚೆನ್ನಾಗಿ ಕಾಣತ್ತೆ." ದಿನಾ ಬೆಳಿಗ್ಗೆ ಅವಳು ಅದಕ್ಕೆ ಕಾಯಿಸಿ ಆರಿಸಿದ ನೀರು ತುಂಬಿ, ಮೇಲೊಂದು ತಟ್ಟೆ ಮುಚ್ಚಿಡುತ್ತಿದ್ದಳು. ಈ ನಾಲ್ಕು ದಿನ ಮಾತ್ರ ಅವರು, "ಬೇಡಮ್ಮ, ರೂಮ್ ಒಳಗೆ ಬರೋದೇನೂ ಬೇಡ, ನಮಗೆ ಪ್ರೈವಸಿ ಬೇಕು" ಅಂದಿದ್ದರು.

ಹೊರಡುವ ದಿನ ಬ್ಯಾಗು ಇಳಿಸಿಕೊಡಲು ನಾನು ಮೇಲೆ ಹೋದೆ. ರತ್ನ ಒಗೆಯುವ ಬಟ್ಟೆ ತರಲು ಹಿಂದೆಯೇ ಬಂದಳು. ಮಂಚದ ಪಕ್ಕದ ಚೊಂಬನ್ನು ಎತ್ತಿದರೆ ಭಾರವಾಗಿತ್ತು. ಪಾಪ, ನೀರೇ ಕುಡಿದಿಲ್ಲ ಅಂದುಕೊಂಡು ತಟ್ಟೆ ತೆಗೆದೆ.

ನಾಲ್ಕು ದಿನದ ಉಗುಳು. ಕಂಠದವರೆಗೆ. ಮೇಲೆ ಕೆನೆ ಕಟ್ಟಿತ್ತು.

ಆ ಏಲಕ್ಕಿಯ ಸಿಹಿ ಕಮಟು ಆಗಲೇ ನನ್ನ ಮೂಗಿನೊಳಗೆ ಮನೆ ಮಾಡಿದ್ದು. ಬಾಗಿಲಲ್ಲಿ ನಿಂತಿದ್ದ ರತ್ನಳೂ ನೋಡಿದಳು. ಅವಳ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ, "ರೀ, ಲೇಟಾಗ್ತಿದೆ, ಬ್ಯಾಗ್ ಎಲ್ರೀ?" ಎಂದು ಅವರ ದನಿ ಬಂತು.

ನಾನು ಏನು ಮಾಡಬೇಕಿತ್ತು ಎಂಬುದು ನನಗೆ ಗೊತ್ತು. ಚೊಂಬನ್ನು ಹಿಡಿದುಕೊಂಡೇ ಇಳಿದು ಅವರ ಕಾರಿನ ಮುಂದೆ ಇಡಬೇಕಿತ್ತು. ನಾನು ಚೊಂಬನ್ನು ನೆಲಕ್ಕಿಟ್ಟೆ. ಎರಡೂ ಕೈಗೆ ಎರಡು ಬ್ಯಾಗು ಎತ್ತಿಕೊಂಡು ಇಳಿದು, ಡಿಕ್ಕಿಯಲ್ಲಿ ಜೋಡಿಸಿ, "ಮತ್ತೆ ಬನ್ನಿ ಸಾರ್" ಅಂದೆ. ಅವರು ಕಿಟಕಿ ಇಳಿಸಿ, "ಐದಕ್ಕೆ ಐದು ಸ್ಟಾರು ಕೊಡ್ತೀನಿ, ಓಕೆನಾ?" ಅಂದರು. "ಥ್ಯಾಂಕ್ಸ್ ಸಾರ್." ತಲೆ ಎತ್ತಿದರೆ ಬಾಲ್ಕನಿಯಲ್ಲಿ ರತ್ನ ನಿಂತಿದ್ದಳು.

ಹುಣಿಸೆಹಣ್ಣು, ಉಪ್ಪು ಹಾಕಿ ಅವಳು ಆ ಚೊಂಬನ್ನು ಮೂರು ಸಲ ಉಜ್ಜಿದಳು. ಕೊಡು, ನಾನು ತೊಳೀತೀನಿ ಅಂದೆ.

"ಬೇಡ. ನೀವು ಬ್ಯಾಗ್ ಎತ್ತಿದ್ರಲ್ಲ, ಸಾಕು."

"ಸೀಸನ್ನು ಕಣೇ. ಒಂದು ಸ್ಟಾರು ಕಮ್ಮಿ ಆದ್ರೂ..."

"ಸೀಸನ್ ಮುಗೀಲಿ. ಸಂಕ್ರಾಂತಿ ಆದ್ಮೇಲೆ ಈ ಮನೇಲಿ ನಾನು ಅಡಿಗೆ ಮಾಡೋದು ನಮ್ಮಿಬ್ಬರಿಗೆ ಮಾತ್ರ. ಮೇಲಿನೋರಿಗೆ ಒಂದು ಲೋಟ ಕಾಫಿನೂ ನನ್ನ ಕೈಯಿಂದ ಹೋಗಲ್ಲ."

ಕೋಪದಲ್ಲಿ ಆಡಿದ ಮಾತು ಅಂದುಕೊಂಡೆ. ಸಂಕ್ರಾಂತಿ ಆಯಿತು, ಶಿವರಾತ್ರಿ ಆಯಿತು, ಯುಗಾದಿಯೂ ಆಯಿತು. ರತ್ನ ಮಾತು ಮುರಿಯಲಿಲ್ಲ. ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ತಂದಿಟ್ಟೆ. ಇದಕ್ಕೆ ನಿಮ್ಮ ಮನೆ ಯಾಕೆ ಬೇಕು ಅಂದರು. ನಾನೇ ಉಪ್ಪಿಟ್ಟು ಮಾಡಿದೆ. ಗೆಸ್ಟು ಅದನ್ನು ವಾಷ್ ಬೇಸಿನ್ನಿಗೆ ಸುರಿದು ನೀರು ಬಿಟ್ಟಿದ್ದರು. ಪೈಪು ಬಿಚ್ಚಿ ನನ್ನ ಉಪ್ಪಿಟ್ಟನ್ನು ನಾನೇ ಬೆರಳಿನಿಂದ ಕೆದಕಿ ತೆಗೆದೆ. ಮೇ ತಿಂಗಳ ರಜೆಯಲ್ಲೂ ಎರಡು ರೂಮು ಖಾಲಿ ಉಳಿದವು. ನಲವತ್ತು ವರ್ಷ ಮಂಡಿಯೂರಿ ಸಂಪಾದಿಸಿದ್ದು ಒಂದು ರೊಟ್ಟಿಯ ಮೇಲೆ ನಿಂತಿತ್ತು, ಆ ರೊಟ್ಟಿ ಒಂದು ಚೊಂಬಿನ ಮೇಲೆ. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನನ್ನು ಪೊಲೀಸ್ ನಾಯಿ ಅಂತ ಕರೆಯುವುದನ್ನೇ ಬಿಟ್ಟಿದ್ದಳು.

ಕೊನೆಗೆ ಜುಲೈನಲ್ಲಿ ನಾನೇ ಕೇಳಿದೆ, ನಿನಗೆ ಏನು ಬೇಕು ಹೇಳು ಅಂತ.

"ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಬೇರೆಯವರು ಮಾಡಿದ ತಿಂಡಿನ ಬಿಸಿಬಿಸಿಯಾಗಿ, ಕೂತ್ಕೊಂಡು ತಿನ್ಬೇಕು. ಅಷ್ಟೇ. ಆಮೇಲೆ ಯೋಚನೆ ಮಾಡ್ತೀನಿ."

ಹೀಗೆ ನಾವು ಬಾದಾಮಿಗೆ ಹೋದೆವು. ಇಳಿದುಕೊಂಡದ್ದು ಶಾಂತವ್ವ ಎಂಬವರ ಮನೆಯಲ್ಲಿ. ಅವರೂ ನಮ್ಮ ಹಾಗೆಯೇ, ಮಹಡಿಯ ಮೇಲೆ ಎರಡು ರೂಮು, ಜೊತೆಗೆ ತಿಂಡಿ. ಗಂಡ ಆಟೋ ಓಡಿಸುತ್ತಾರೆ. "ಬರ್ರಿ ಅಣ್ಣಾರ, ಬರ್ರಿ ಅಕ್ಕಾರ, ದಣದೀರಿ, ಮೊದ್ಲ ಚಾ ಕುಡೀರಿ" ಅಂತ ಶಾಂತವ್ವ ಬಾಗಿಲಲ್ಲೇ ಕೈ ಹಿಡಿದರು. ರತ್ನ ಚಾ ಕುಡಿದು, ನಮ್ಮದೂ ಇದೇ ಕಸುಬು ಎಂದು ಹೇಳಿ ಕಾಲು ಚಾಚಿ ಕೂತಳು. ನಾನು ರೂಮಿಗೆ ಹೋದವನೇ ಮಂಚದ ಕೆಳಗೆ ಬಗ್ಗಿ ನೋಡಿದೆ, ಕಿಟಕಿಯ ಸಂದಿಗೆ ಬೆರಳು ಎಳೆದೆ, ಬಚ್ಚಲಿಗೆ ಒಂದು ಮಗ್ಗು ನೀರು ಸುರಿದು ನಿಂತೆ.

ಆ ನೀರು ಅಲ್ಲೇ ನಿಂತಿತು. ವಾಟ ಉಲ್ಟಾ ಇತ್ತು. ಜಾಲರಿ ಒಂದು ಕಡೆ, ನೀರು ಇನ್ನೊಂದು ಕಡೆ.

"ರೀ," ಅಂದಳು ರತ್ನ, "ನಾವು ಬಂದಿರೋದು ರೈಡ್ ಮಾಡೋಕಲ್ಲ."

ಸುಮ್ಮನಿರಬೇಕು ಅಂತಲೇ ಮಲಗಿದೆ. ದಿಂಬಿಗೆ ತಲೆ ಇಟ್ಟರೆ ಮುಗ್ಗಲು ವಾಸನೆ. ಮುಖ ತಿರುಗಿಸಿದರೆ ಆ ಕಡೆಯೂ ಅದೇ. ಯಾರ ಬೆವರೋ, ಯಾರ ಎಂಜಲೋ ಅಂತ ಯೋಚನೆ ಹತ್ತಿತು. ಬೆಳಿಗ್ಗೆ ಎದ್ದವನು, ರತ್ನ ಇನ್ನೂ ಮಲಗಿದ್ದಾಗಲೇ, ನನ್ನ ದಿಂಬಿನ ಕವರು, ಕುರ್ಚಿಯ ಮೇಲಿದ್ದ ಇನ್ನೆರಡು ದಿಂಬಿನ ಕವರು ಬಿಚ್ಚಿದೆ. ಬಚ್ಚಲಲ್ಲಿ ಕೂತು ಸೋಪು ಹಚ್ಚಿ ಕುಕ್ಕಿದೆ. ಕೈ ಹೇಗೂ ಒದ್ದೆಯಾಗಿದೆ ಎಂದು ಬಚ್ಚಲಿನ ನೆಲ, ಗೋಡೆ, ಕಮೋಡು ಎಲ್ಲವನ್ನೂ ತಿಕ್ಕಿದೆ. ಕವರುಗಳನ್ನು ಮಹಡಿಯ ತಂತಿಗೆ ಹರವುತ್ತಿದ್ದಾಗ ಶಾಂತವ್ವ ಮೇಲೆ ಬಂದರು. ಕವರು ನೋಡಿದರು, ಮಂಡಿಯವರೆಗೆ ಮಡಿಸಿದ ನನ್ನ ಒದ್ದೆ ಪ್ಯಾಂಟು ನೋಡಿದರು. ಹಾಗೆಯೇ ಇಳಿದು ಹೋದರು.

ತಿಂಡಿಗೆ ಕರೆದರು. ರತ್ನ ತಲೆ ಬಾಚಿ, ಹೊಸ ಸೀರೆ ಉಟ್ಟು, ಮಣೆಯ ಮೇಲೆ ನೆಂಟಳ ಹಾಗೆ ಕೂತಳು. ತಟ್ಟೆಗೆ ಹೆಂಚಿನಿಂದ ಇಳಿದ ತಾಳಿಪಟ್ಟು ಬಂತು, ಮೇಲೆ ಬೆಣ್ಣೆ ಕರಗುತ್ತಿತ್ತು, ಪಕ್ಕದಲ್ಲಿ ಶೇಂಗಾ ಚಟ್ನಿ, ಕೆನೆ ಮೊಸರು. ಅವಳು ಒಂದು ತುತ್ತು ಮುರಿದಳು. ಅಷ್ಟರಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಶಾಂತವ್ವ ಕೇಳಿದರು:

"ಅಣ್ಣಾರ, ಒಂದ್ ಮಾತ ಕೇಳ್ತೀನಿ. ನಮ್ಮ ಮನಿ ಅಷ್ಟ ಹೊಲಸ ಕಂಡ್ತೇನ್ರಿ?"

"ಹಾಗಲ್ಲಮ್ಮ, ದಿಂಬು ಸ್ವಲ್ಪ ವಾಸನೆ..."

"ಮೊನ್ನೇನ ತೊಳದೀನ್ರಿ ಅವನ್ನ. ನಾಕ ದಿನದಿಂದ ಬಿಸಿಲ ಬಿದ್ದಿಲ್ಲ, ಹಸಿ ವಾಸನಿ ಅದು. ನೀವೂ ಇದ ಕೆಲಸ ಮಾಡೋರು, ನಿಮಗ ಗೊತ್ತಾಗ್ಲಿಲ್ಲೇನ್ರಿ?" ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. "ಬಂದವ್ರು ಬಚ್ಚಲ ತೊಳದು ಹೋದ್ರು ಅಂದ್ರ ನಾ ಓಣ್ಯಾಗ ಮುಖ ಹ್ಯಾಂಗ ತೋರಸ್ಲಿ?"

ರತ್ನಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ನೀವೇನು ಮಾಡಿದ್ರಿ?" ಅಂದಳು ನನಗೆ. ಕವರು ಒಗೆದು ಮೇಲೆ ಹರವಿದ್ದನ್ನು ಹೇಳಿದೆ. ಅವಳು ಶಾಂತವ್ವನ ಕಡೆ ತಿರುಗಿದಳು. "ಕೇಳ್ರಮ್ಮ. ನಮ್ಮ ಮನೇಲಿ ಒಬ್ಬ ದೊಡ್ಡ ಮನುಷ್ಯ ನಮ್ಮಮ್ಮ ಕೊಟ್ಟ ಚೊಂಬಲ್ಲಿ ನಾಲ್ಕು ದಿನ ಉಗಿದು ತುಂಬಿಸಿಟ್ಟ. ಇವರು ಅವನ ಬ್ಯಾಗ್ ಹೊತ್ತು, ಮತ್ತೆ ಬನ್ನಿ ಸಾರ್ ಅಂದ್ರು. ಇಲ್ಲಿ ನೀವು ಬಿಸಿ ರೊಟ್ಟಿ ಹಾಕ್ತಿದೀರಿ, ನಿಮ್ಮ ಒಗೆದ ಬಟ್ಟೆನ ಮತ್ತೆ ಒಗೆದು ಹರವಿದಾರೆ. ಇವರಿಗೆ ಹೇಸಿಗೆ ಆಗೋದು ಯಾರ ಮುಂದೆ ಅಂತ ನೋಡಿ."

ಆ ಮಾತು ಮುಗಿಸಿ ಅವಳು ಎದ್ದಳು. ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಶಾಂತವ್ವನನ್ನು ಒಲೆಯ ಪಕ್ಕ ಕೂರಿಸಿ, ತಾನೇ ಹಿಟ್ಟು ತಟ್ಟಲು ನಿಂತಳು. ಅವಳು ಜೀವಮಾನಕ್ಕೆ ಕೇಳಿದ್ದ ಒಂದು ಬಿಸಿ ತಿಂಡಿ ಮಣೆಯ ಮುಂದೆ ಆರಿ ಹೋಯಿತು. ಆರಿಸಿದವನು ನಾನು. ಆ ಹೊತ್ತು ನನ್ನ ಮೇಲೆ ನನಗೆ ಬಂದ ವಾಕರಿಕೆ ಆ ಚೊಂಬಿನ ಮುಚ್ಚಳ ತೆಗೆದಾಗಲೂ ಬಂದಿರಲಿಲ್ಲ.

ಒಳಗಿನಿಂದ ಇಬ್ಬರ ಮಾತು ಕೇಳುತ್ತಿತ್ತು. ಶಾಂತವ್ವ ಮೂಗು ಒರೆಸಿಕೊಂಡು ಹೇಳುತ್ತಿದ್ದರು, "ಇಲ್ಲೂ ಬಂದಿದ್ರರೀ ಅಕ್ಕಾರ ಅಂಥಾ ಮಂದಿ. ನಮ್ಮ ರೊಟ್ಟಿ ಬುಟ್ಟ್ಯಾಗ ಬೂಟ ಇಟ್ಟಿದ್ರು."

"ಅಯ್ಯೋ! ಆಮೇಲೆ?"

"ಆಮ್ಯಾಲೇನ್ರಿ, ನಮ್ಮನಿಯವ್ರು ಬೂಟ ತಗೊಂಡು ರಸ್ತೆಕ್ಕ ಬೀಸಾಡಿದ್ರು. ಅವಾ ಬರಿಗಾಲಾಗ ಬಸ್ ಸ್ಟ್ಯಾಂಡ್ ತನಕ ಹೋದ."

ರತ್ನ ಜೋರಾಗಿ ನಕ್ಕಳು. ಡಿಸೆಂಬರ್ ಆದ ಮೇಲೆ ನಾನು ಆ ನಗು ಕೇಳಿದ್ದು ಅದೇ ಮೊದಲು. ಅದು ಇನ್ನೊಬ್ಬಳ ಗಂಡನ ಪೌರುಷಕ್ಕೆ ಬಂದ ನಗು. ಮಾರನೆಯ ದಿನ ಅವರ ಬಚ್ಚಲಿನ ವಾಟ ಸರಿ ಮಾಡಿಕೊಡುತ್ತೇನೆ ಅಂದೆ. ಶಾಂತವ್ವ, "ಬ್ಯಾಡ್ರಿ ಅಣ್ಣಾರ, ನೀವು ಕುಂತ ಉಣ್ರಿ, ಅಷ್ಟ ಸಾಕು" ಅಂದರು. ಕೂತು ಉಂಡೆ.

ಮತ್ತೆ ಡಿಸೆಂಬರ್ ಬಂತು. ಅದೇ ಮಂಜು, ಅದೇ ಹೊಳೆಯ ನಾತ. ರತ್ನ ಇನ್ನೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಒಂದು ಮಧ್ಯಾಹ್ನ ಜಗುಲಿಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಫೋನು ಬಂತು.

"ಗುರ್ತು ಸಿಕ್ತೇನ್ರೀ? ಹೋದ ವರ್ಷ ಮದುವೆಗೆ ಬಂದಿದ್ವಲ್ಲ. ನಿಮ್ಮ ಮನೆಯವರ ಅಕ್ಕಿ ರೊಟ್ಟಿ ಮರೆಯೋಕಾಗಲ್ಲ ಕಣ್ರೀ. ಕ್ರಿಸ್ಮಸ್‌ಗೆ ನಾಲ್ಕು ದಿನ, ಮೂರೂ ರೂಮು ಬೇಕಲ್ಲ?"

ಏಲಕ್ಕಿ ವಾಸನೆ ಫೋನಿನಿಂದಲೇ ಬಂತು. "ಸಾರ್, ಎಲ್ಲ ಫುಲ್ ಆಗಿದೆ ಸಾರ್, ಸಾರಿ ಸಾರ್" ಅಂದು ಇಟ್ಟೆ.

ರತ್ನ ಕಾಯಿಯಿಂದ ತಲೆ ಎತ್ತಲಿಲ್ಲ. "ಫುಲ್ಲಾ? ಮೇಲೆ ಯಾರಿದಾರೆ?"

"ಇಲ್ಲ ಅಂದೆನಲ್ಲ ಕಣೇ. ಇನ್ನೇನು ಹೇಳ್ಬೇಕು?"

"ತಪ್ಪಿಸ್ಕೊಂಡ್ರಿ. ಆ ಮನುಷ್ಯ ಇವತ್ತಿಗೂ ತಾನು ಒಳ್ಳೇ ಗೆಸ್ಟು ಅಂತ್ಲೇ ಅನ್ಕೊಂಡಿದಾನೆ."

ಹತ್ತು ಕಾಯಿ ಸುಲಿದೆ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅದೇ ನಂಬರಿಗೆ ತಿರುಗಿ ಮಾಡಿದೆ. ಸಾರ್ ಎನ್ನುವುದು ಮಾತ್ರ ಬಾಯಿಂದ ಹೋಗಲಿಲ್ಲ.

"ಸಾರ್, ರೂಮು ಮೂರೂ ಖಾಲಿ ಇವೆ. ನಿಮಗೆ ಕೊಡಲ್ಲ."

"ಏನಂದ್ರಿ?"

"ನೀವು ಹೋದ್ಸಲ ನಮ್ಮತ್ತೆ ಕೊಟ್ಟ ಚೊಂಬಿಗೆ ನಾಲ್ಕು ದಿನ ಉಗಿದಿದ್ರಿ. ಕುಡಿಯೋ ನೀರಿನ ಚೊಂಬು ಅದು. ಆವತ್ತೇ ನಿಮ್ಮ ಮುಖದ ಮುಂದೆ ಹೇಳ್ಬೇಕಿತ್ತು. ಹೇಳ್ಲಿಲ್ಲ, ಅದು ನನ್ನ ತಪ್ಪು. ಈಗ ಹೇಳ್ತಿದೀನಿ."

ಆ ಕಡೆ ಅವರು ಸಣ್ಣಗೆ ನಕ್ಕರು. ಆಮೇಲೆ, "ಒಂದು ಚೊಂಬಿಗೆ ಇಷ್ಟೊಂದಾ? ತೊಳೆದ್ರೆ ಹೋಯ್ತಪ್ಪ! ಓದಿಲ್ಲ ಅನ್ನೋದನ್ನ ತೋರಿಸ್ಬಿಟ್ರಿ ನೋಡಿ."

"ಹೂಂ ಸಾರ್," ಅಂದೆ. "ಏಳನೇ ಕ್ಲಾಸು."

ಸಂಜೆಯೊಳಗೆ ಐದು ಸ್ಟಾರು ಹೋಗಿ ಒಂದು ಸ್ಟಾರು ಬಂದಿತ್ತು. ಕೆಳಗೆ, ಮಾಲೀಕನಿಗೆ ಮ್ಯಾನರ್ಸ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರಂತೆ. ಮಗಳು ಫೋನಿನಲ್ಲಿ ಓದಿ ಹೇಳಿದಳು. ಅದು ಇವತ್ತಿಗೂ ನಮ್ಮ ಮನೆಯ ಫೋಟೋದ ಕೆಳಗೆ ಹಾಗೆಯೇ ಇದೆ.

ಕ್ರಿಸ್ಮಸ್ ದಿನ ಮೂರು ರೂಮೂ ಖಾಲಿ. ಊಟವಾದ ಮೇಲೆ ರತ್ನ, "ಇವತ್ತು ನಾನು ಗೆಸ್ಟು" ಎಂದು ಮೇಲೆ ಹೋಗಿ ದೊಡ್ಡ ರೂಮಿನಲ್ಲಿ ಕಿಟಕಿ ತೆರೆದು ಮಲಗಿದಳು. ನಾಲ್ಕು ಗಂಟೆಗೆ ನಾನು ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿ, ಆ ತಾಮ್ರದ ಚೊಂಬಿನಲ್ಲಿ ನೀರು ತುಂಬಿ, ಎರಡನ್ನೂ ಹಿಡಿದುಕೊಂಡು ಮೇಲೆ ಹೋದೆ. ಅವಳು ಎದ್ದು ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, ಹೊಗೆಯಾಡುತ್ತಿದ್ದದ್ದನ್ನು ಊದಿಕೊಂಡು ತಿಂದಳು. ಚೊಂಬನ್ನು ಎತ್ತಿ ಗಟಗಟ ಕುಡಿದಳು.

"ಚೆಕ್ಔಟ್ ಎಷ್ಟೊತ್ತಿಗೆ?" ಅಂದಳು.

"ನಿಮ್ಮಿಷ್ಟ ಮೇಡಂ. ತಿಂಡಿ ಹೇಗಿತ್ತು?"

"ಉಪ್ಪು ಕಮ್ಮಿ, ನೀರು ಜಾಸ್ತಿ. ಇದನ್ನ ಬೇಸಿನ್ನಿಗೆ ಸುರಿದೋರದ್ದು ತಪ್ಪಿಲ್ಲ." ತಟ್ಟೆ ಬಳಿದು ಕೆಳಗಿಟ್ಟಳು. "ನಾಳೆಯಿಂದ ನಾನೇ ಮಾಡ್ತೀನಿ. ಬರೋರು ಬರ್ಲಿ. ಚೊಂಬು ಮಾತ್ರ ಕೆಳಗೇ ಇರ್ಲಿ."

ಅವಳು ಚೊಂಬು ತೆಗೆದುಕೊಂಡು ಮೆಟ್ಟಿಲು ಇಳಿದಳು. ನಾನು ಹಾಸಿಗೆ ಸರಿ ಮಾಡಲು ಹೋದೆ. ಕೈ ತಾನಾಗಿ ದಿಂಬನ್ನು ಎತ್ತಿ ಮೂಗಿಗೆ ಹಿಡಿಯಿತು. ರತ್ನಳ ತಲೆಯ ಕೊಬ್ಬರಿ ಎಣ್ಣೆ. ಬೆರಳಿನ ಅವರೆ ಸೊಗಡು. ಎಲ್ಲೋ ಒಂದಿಷ್ಟು ಇಂಗು. ನಿಂತೇ ಇದ್ದೆ.

ಅರ್ಧ ಮೆಟ್ಟಿಲಿನಿಂದ ದನಿ ಬಂತು: "ರೀ ಪೊಲೀಸ್ ನಾಯಿ! ಮೂಸಿದ್ದು ಸಾಕು, ಒಗೆಯೋಕೆ ಹಾಕಿ."

ಕವರು ಬಿಚ್ಚಿ ಬಕೆಟ್ಟಿಗೆ ಹಾಕಿದೆ. ನಲ್ಲಿಯನ್ನು ಮಾತ್ರ ಆಗಲೇ ತಿರುಗಿಸಲಿಲ್ಲ.